ಜೈತುನಮ್ಮನ ಕಟ್ಟೆಯ ಬಿಸಿಲು

ಎದುರು ಮನೆಯ ಜೈತುನಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿದರೆಂದರೆ ನಮ್ಮ ಬೀದಿಗೆ ಚಳಿಗಾಲ ಬಂತೆಂದೇ ಲೆಕ್ಕ. ಚಿತ್ರದುರ್ಗದ ಚಳಿ ಬಲು ಸಭ್ಯ. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತು, ಹತ್ತು ಗಂಟೆಯಾಗುತ್ತಲೇ ಸಂಕೋಚದಿಂದ ಹೊರಟುಬಿಡುವ ದೂರದ ನೆಂಟನಂಥದು. ಇಂಥ ಚಳಿಯನ್ನು ನಂಬಿ ನಾನು ಮಕ್ಕಳಿಬ್ಬರಿಗೂ ಕಿವಿ ಮುಚ್ಚುವ ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲಗಳನ್ನು ತಂದಿದ್ದೆ. ಆರು ವರ್ಷದ ಇಂಚರ, ನಾಲ್ಕರ ತೇಜು ಈ ಸಮಸ್ತ ಕವಚಗಳನ್ನೂ ನಮ್ಮ ಬಾಗಿಲಲ್ಲಿ ತೊಟ್ಟು, ಬೀದಿ ದಾಟುವಷ್ಟರಲ್ಲಿ ಒಂದೊಂದಾಗಿ ಕಳಚಿ, ಹಗುರಾಗಿ ಜೈತುನಮ್ಮನ ಕಟ್ಟೆ ಸೇರುತ್ತಿದ್ದರು. ಹಿಂದಿನಿಂದ ಅವನ್ನೆಲ್ಲ ಆಯ್ದುಕೊಂಡು ಹೋಗುವುದು ಕಾಲೇಜಿನಲ್ಲಿ ಭೂಗೋಳ ಬೋಧಿಸುವ ನನ್ನ ಪ್ರಾತಃಕರ್ಮವಾಗಿತ್ತು.

ಆ ಕಟ್ಟೆಗೆ ಏಳೂವರೆಗೆಲ್ಲ ಬಿಸಿಲು ಬರುತ್ತಿತ್ತು. ಎಪ್ಪತ್ತು ದಾಟಿದ ಜೈತುನಮ್ಮ ಅಲ್ಲಿ ಕುಳಿತು ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ದೀಪದ ಬೆಳಕಿನಲ್ಲಿ ಅವರಿಗೆ ಹೊಲಿಗೆ ಕಾಣುವುದಿಲ್ಲ. ಎಳೆಬಿಸಿಲು ನೇರವಾಗಿ ಬಟ್ಟೆಯ ಮೇಲೆ ಬಿದ್ದರೆ ಮಾತ್ರ ಕೈ ಓಡುತ್ತದೆ. ಸೂಜಿಗೆ ದಾರ ಪೋಣಿಸುವ ಹುದ್ದೆ ಇಂಚರಳದು. ನನ್ನ ಹೆಂಡತಿ ಸುನಂದಾ ಆದಿವಾಲದ ತವರಿನಿಂದ ಬಂದ ಅವರೆಕಾಯಿಯನ್ನು ಅಲ್ಲಿಯೇ ಸುರಿದುಕೊಂಡು ಬಿಡಿಸುತ್ತಿದ್ದಳು. ನಾನು ಬಿಡಿಸುವ ನೆಪದಲ್ಲಿ ಪತ್ರಿಕೆ ಓದುತ್ತಿದ್ದೆ. ಹೋದ ಚಳಿಗಾಲದಲ್ಲಿ ಇಂಚರಳಿಗೊಂದು ಕೌದಿ ಸಿದ್ಧವಾಯಿತು, ಈ ಸಲದ್ದು ತೇಜುವಿಗೆಂದು ನಿಶ್ಚಯವಾಗಿತ್ತು.

ನಡುವೆ ಬೇಸಿಗೆಯಲ್ಲಿ, ಮಕ್ಕಳು ನಿರ್ಭಯವಾಗಿ ಆಡಲೆಂದು ನಮ್ಮ ತಾರಸಿಯ ಸುತ್ತ ಆಳೆತ್ತರದ ಗೋಡೆ ಕಟ್ಟಿಸುವ ಯೋಚನೆ ನನಗೆ ಬಂತು. ಧರ್ಮಭೀರುವಾದ ನಾನು ಎದುರು ಮನೆಯ ಬಿಸಿಲಿಗೆ ತೊಂದರೆಯಾದೀತೇ ಎಂದು ಮೊದಲು ಪರೀಕ್ಷಿಸಿದೆ. ಯುಗಾದಿ ಕಳೆದ ಮೇಲೊಂದು ಬೆಳಗ್ಗೆ ಗಾರೆ ಕೆಲಸದ ತಿಪ್ಪೇಸ್ವಾಮಿಯೂ ಅವನ ಜೊತೆಗಾರನೂ ಗೋಡೆ ಬರುವ ಜಾಗದಲ್ಲಿ ಸುನಂದಾಳ ಸೀರೆಯೊಂದನ್ನು ಎತ್ತಿ ಹಿಡಿದರು. ನಾನು ಕೆಳಗೆ ನಿಂತು ನೆರಳನ್ನು ವೀಕ್ಷಿಸಿದೆ. ಅದು ಕಟ್ಟೆಯ ತಂಟೆಗೇ ಹೋಗದೆ ಪಕ್ಕದ ಚರಂಡಿಯಲ್ಲಿ ಬಿದ್ದಿತ್ತು. ಈ ಶುಭವಾರ್ತೆಯನ್ನು ಜೈತುನಮ್ಮನಿಗೆ ನಾನೇ ಗಂಭೀರವಾಗಿ ನಿವೇದಿಸಿ, ಗೋಡೆ ಕಟ್ಟಿಸಿಯೂಬಿಟ್ಟೆ. ವರ್ಷ ವರ್ಷವೂ ದಕ್ಷಿಣಾಯನದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಚಳಿಗಾಲದ ಸೂರ್ಯ ತೆಂಕಣಕ್ಕೆ ಸರಿದು ತಗ್ಗಿನಲ್ಲಿ ಸಾಗುತ್ತಾನೆಂದು ಹುಡುಗರಿಗೆ ಗಿಣಿಪಾಠ ಒಪ್ಪಿಸುವ ಪಂಡಿತನಿಗೆ, ಆ ಸೂರ್ಯನೇ ನಮ್ಮ ಬೀದಿಗೂ ಬರುತ್ತಾನೆಂಬುದು ಹೊಳೆಯಲಿಲ್ಲ.

ನವೆಂಬರಿನಲ್ಲಿ ಚಾಪೆ ಮೊದಲಿನ ಜಾಗ ಬಿಟ್ಟು ಒಂದು ಮೊಳ ಬಡಗಣಕ್ಕೆ ಸರಿಯಿತು. ನಾನು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ದಿನಕ್ಕೊಂದಿಷ್ಟರಂತೆ ನೆರಳು ಅಟ್ಟುತ್ತ, ಚಾಪೆ ಸರಿಯುತ್ತ, ಡಿಸೆಂಬರಿನ ನಡುವೆ ಕಟ್ಟೆಯೇ ಮುಗಿದುಹೋಯಿತು. ಬಿಸಿಲು ನನ್ನ ಗೋಡೆ ಹತ್ತಿ ಅತ್ತ ಇಳಿಯುವಾಗ ಒಂಬತ್ತು ಗಂಟೆ. ಅದು ಜೈತುನಮ್ಮನ ಸೊಸೆ ಕೆಲಸಕ್ಕೆ ಹೊರಡುವ, ಅವರು ಒಲೆಯ ಮುಂದೆ ನಿಲ್ಲುವ ಹೊತ್ತು. ಒಂದು ದಿನ ಅವರು, ಇಂಚರ ದಾರ ಪೋಣಿಸಿಕೊಟ್ಟ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅರ್ಧ ಹೊಲಿದ ಕೌದಿಯನ್ನು ಮಡಿಸಿದರು. ಮಗಳು ಮನೆಗೆ ಬಂದು, ಅಜ್ಜಿಗೆ ಹೊಲಿಗೆ ಕಾಣುತ್ತಿಲ್ಲವೆಂದು ವರದಿ ಮಾಡಿದಳು. ನಾನು ಹೊರಬಂದು ಗೋಡೆಯನ್ನು ನೋಡಿದೆ, ಕಟ್ಟೆಯನ್ನು ನೋಡಿದೆ. ನನ್ನ ವಿದ್ಯೆಯ ಬಗ್ಗೆ ನಾಚಿಕೆಯಾಯಿತು.

ಬೀದಿ ದಾಟಿ ತಪ್ಪೊಪ್ಪಿಕೊಂಡೆ. ಜೈತುನಮ್ಮ ನಕ್ಕರು.

"ಇರ್ಲಿ ಬಿಡ್ರಿ ಮೇಷ್ಟ್ರೇ, ಮಕ್ಳು ಆಡೋ ಜಾಗಕ್ಕೆ ಗೋಡೆ ಬೇಕಾಗ್ತೈತೆ. ಸಂಕ್ರಾಂತಿ ಕಳುದ್ರೆ ಬಿಸ್ಲು ತಾನೇ ಬರ್ತೈತೆ."

"ಅಷ್ಟೊತ್ತಿಗೆ ಚಳೀನೇ ಹೋಗಿರ್ತೈತಲ್ಲಮ್ಮ."

"ತೇಜೂದು ಮುಂದಿನ್ ವರ್ಷ ಹೊಲಿತೀನಿ," ಎಂದವರು, ಕನ್ನಡಕ ಒರೆಸುತ್ತ, "ಕಣ್ಣು ಇದ್ರೆ," ಎಂದು ಸೇರಿಸಿದರು.

ಮರುದಿನವೇ ತಿಪ್ಪೇಸ್ವಾಮಿಯನ್ನು ಹಿರೇಗುಂಟನೂರಿನಿಂದ ಕರೆಸಿದೆ. "ಅವತ್ತು ನೆರಳು ನೋಡ್ದೋರು ನೀವೇ ಅಲ್ವೇನ್ರಿ ಸಾರ್?" ಎಂದು ಅವನು ಒಮ್ಮೆ ಕೇಳಿ ಕೆಲಸಕ್ಕೆ ಕೈಹಾಕಿದ. ಗೋಡೆಯನ್ನು ಪೂರ್ತಿ ಕೆಡವಿದರೆ ಮಕ್ಕಳಿಗೆ ಅಪಾಯ, ಬಿಟ್ಟರೆ ಕೌದಿಗೆ. ಕಡೆಗೆ ಬಿಸಿಲಿಗೆ ಅಡ್ಡವಾದ ಭಾಗವನ್ನಷ್ಟೇ ಒಡೆದು, ಅಲ್ಲಿಗೆ ಚೌಕ ಚೌಕ ತೂತುಗಳಿರುವ ಸಿಮೆಂಟಿನ ಜಾಲರಿ ಕೂರಿಸಿದ. ತಣ್ಣನೆಯ ಗಾಳಿ ಈಗ ನೇರವಾಗಿ ತಾರಸಿಗೆ ನುಗ್ಗುವುದರಿಂದ, ಆ ಟೋಪಿ ಕೈಗವಸುಗಳಿಗೂ ಒಂದು ಪ್ರಯೋಜನ ಕಂಡಂತಾಯಿತೆಂದು ಸುನಂದಾ ನನ್ನ ದೂರದೃಷ್ಟಿಯನ್ನು ಹೊಗಳಿದಳು.

ಜಾಲರಿ ಕೂರಿಸಿದ ಮಾರನೆಯ ಬೆಳಗ್ಗೆ ಏಳೂವರೆಗೆ ಬಿಸಿಲು ಕಟ್ಟೆಗೆ ಬಂತು, ಆದರೆ ಮೊದಲಿನಂತೆ ಇಡಿಯಾಗಿ ಅಲ್ಲ, ತುಂಡು ತುಂಡಾಗಿ. ಚಾಪೆಯ ತುಂಬ ಅಂಗೈಯಗಲದ ಚೌಕಗಳು ಬಿದ್ದಿದ್ದವು. ಮಕ್ಕಳು ತಮ್ಮ ತಮ್ಮ ಚೌಕಗಳನ್ನು ಹಂಚಿಕೊಂಡು ಜಗಳಕ್ಕೆ ನಿಂತರು. ಜೈತುನಮ್ಮ ಕೌದಿ ಬಿಡಿಸಿ, ಒಂದು ಚೌಕದಲ್ಲಿ ನಾಲ್ಕು ಹೊಲಿಗೆ ಹಾಕಿ, ಬಟ್ಟೆಯನ್ನು ಎಳೆದು ಇನ್ನೊಂದಕ್ಕೆ ಹೊಂದಿಸಿಕೊಂಡು, ಮತ್ತೆ ನಾಲ್ಕು ಹಾಕಿದರು. ಕೆಲಸ ನಿಧಾನವಾಗಿತ್ತು, ಸಂಕ್ರಾಂತಿಯೊಳಗೆ ಮುಗಿಯುತ್ತದೋ ಇಲ್ಲವೋ ಹೇಳಲಾರೆ. ನಾನು ಟೋಪಿ ಕಾಲುಚೀಲಗಳನ್ನು ಆಯ್ದುಕೊಂಡು ಹೋಗಿ ಕಟ್ಟೆಯ ಕೆಳಗೆ ಅಪರಾಧಿಯಂತೆ ನಿಂತಿದ್ದೆ.

"ಯಾಕ್ರೀ ನಿಂತೇ ಇದ್ದೀರಾ?" ಎಂದರು ಜೈತುನಮ್ಮ, ಸೂಜಿಯಿಂದ ಕಣ್ಣು ತೆಗೆಯದೆ. "ಈ ತುದೀಲಿ ನಿಮ್ಗೂ ಒಂದು ತುಂಡು ಉಳ್ದೈತೆ. ಬರ್ರಿ, ಕುಂತ್ಕಳ್ರಿ."

ಒಂದು ಮೊಣಕಾಲಿಗೆ ಆಗುವಷ್ಟಿತ್ತು. ಕುಳಿತೆ.