ಯಾವುದು ಕಷ್ಟ, ಕಲ್ಲಪ್ಪ ಸರ್?

ಕಲ್ಲಪ್ಪ ಸರ್ ಚಹಾ ಕುಡಿಯುವಾಗಲೂ ಎಡಗೈ ಮುಷ್ಟಿ ಕಟ್ಟಿ ಗಲ್ಲದ ಹತ್ತಿರ ಇಟ್ಟುಕೊಂಡಿರುತ್ತಿದ್ದರು. ಬಲಗೈಯಲ್ಲಿ ಬಸಿ ಹಿಡಿದು ಸುರ್ ಎನಿಸುವಾಗ, ಯಾರೋ ಹೊಡೆಯಲು ಬಂದಂತೆ ತಲೆ ಸರಕ್ಕನೆ ಪಕ್ಕಕ್ಕೆ ಸರಿಯುತ್ತಿತ್ತು. ಕಮರಿಪೇಟೆಯ ಹಳೆಯ ಅರಳೆ ಗೋದಾಮಿನಲ್ಲಿ ಅವರು ನಮಗೆ ಬಾಕ್ಸಿಂಗ್ ಕಲಿಸುತ್ತಿದ್ದರು. "ಗಲ್ಲ ಮುಚ್ಚು, ಬಾಯಿನೂ ಮುಚ್ಚು" ಎಂಬುದು ಅವರ ನಿತ್ಯದ ಆಶೀರ್ವಾದ.

ದೇಶಪಾಂಡೆ ನಗರದಲ್ಲಿ ಎಂಎಂಎ ಸೆಂಟರ್ ತೆರೆದದ್ದೇ ತಡ, ನಮ್ಮ ಗೋದಾಮು ಬರಿದಾಗತೊಡಗಿತು. ಅಲ್ಲಿ ಹೊಡೆತದ ಜೊತೆ ಒದೆತ, ಕುಸ್ತಿ, ಕುತ್ತಿಗೆ ಹಿಸುಕುವುದು, ಎಲ್ಲ ಉಂಟು. ಕೊನೆಗೆ ಉಳಿದವಳು ನಾನೊಬ್ಬಳೇ. ಮನಸ್ಸು ಅತ್ತ ಎಳೆಯುತ್ತಿತ್ತು. ನಾನೂ ಹೋದರೆ ಸರ್ ಕ್ಲಾಸೇ ಮುಚ್ಚುತ್ತದೆಂಬ ಸಂಕಟ ಇತ್ತ. ಯಾವುದು ಹೆಚ್ಚು ಕಷ್ಟವೋ ಅದನ್ನೇ ಮಾಡೋಣವೆಂದು ಅವರನ್ನೇ ಕೇಳಿದೆ.

"ಬಾಕ್ಸಿಂಗೇ ತ್ರಾಸ. ಎರಡ ಕೈಯಾಗ ಎಲ್ಲಾ ಮುಗಸಬೇಕು."

ಮರುದಿನ ತಾವೇ ಮಾತು ಬದಲಿಸಿದರು. "ಏ ಇಲ್ಲವಾ, ಮೊಬೈಲ್‌ನ್ಯಾಗ ನೋಡಿದೆ. ಕಾಲೂ ಕಾಯಬೇಕು, ಕುತ್ತಿಗಿನೂ ಕಾಯಬೇಕು. ಅದ ತ್ರಾಸ. ನಡಿ, ಹೋಗಿ ನೋಡೇ ಬಿಡೂಣು."

ಸೆಂಟರಿನ ತರುಣ ತರಬೇತುದಾರ ನಮ್ಮ ಸರ್ ಕಾಲು ಮುಟ್ಟಿ ನಮಸ್ಕರಿಸಿದ, ಇಬ್ಬರೂ ಆಟಕ್ಕಿಳಿದಾಗ ಅದೇ ಕಾಲು ಹಿಡಿದು ಕೆಡವಿದ. ಬಿದ್ದ ಬಾಕ್ಸರ್ ಒಂದು ಮೊಣಕಾಲೂರಿ, ರೆಫರಿ ಎಂಟು ಎಣಿಸುವವರೆಗೆ ಸುಧಾರಿಸಿಕೊಳ್ಳುವುದು ಪದ್ಧತಿ. ಸರ್ ಹಾಗೇ ಮೊಣಕಾಲೂರಿ ಆರಾಮಾಗಿ ಉಸಿರು ಬಿಡುತ್ತ ಕೂತರು. ಆ ಆಟದಲ್ಲಿ ಬಿದ್ದವರಿಗೆ ಎಣಿಕೆಯೇ ಇಲ್ಲ! ಹುಡುಗ ಹಿಂದಿನಿಂದ ಬಂದು ಕುತ್ತಿಗೆಗೆ ತೋಳು ಸುತ್ತಿದ.

"ಏ ತಮ್ಮಾ, ತಡಿಯೋ! ಇನ್ನೂ ಯಾರೂ ಎಣಿಸೇ ಇಲ್ಲ!"

ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಆಮೇಲೆ ಸರ್ ಅವನನ್ನು ಬರೀ ಬಾಕ್ಸಿಂಗಿಗೆ ಕರೆದರು. ಅವನ ಒಂದು ಹೊಡೆತವೂ ತಾಗಲಿಲ್ಲ. ಸೊಂಟ ಹಿಡಿಯಲು ಬಗ್ಗುವುದು, ನಾಲಿಗೆ ಕಚ್ಚಿಕೊಳ್ಳುವುದು, ಇಷ್ಟೇ ಆಯಿತು.

"ನಿಮ್ಮದ ತ್ರಾಸ ಐತ್ರಿ ಸರ್" ಎಂದ ಅವನು.

"ಅಲ್ಲೋ ಮಾರಾಯಾ, ನಿಂದ ತ್ರಾಸ" ಎಂದರು ಇವರು.

ಕೇಳಲು ಹೋದ ನನ್ನ ತಲೆ ಇನ್ನಷ್ಟು ಕೆಟ್ಟಿತು. ಹೊರಬಂದ ಮೇಲೆ ಸರ್, "ನನಗ ತಿಳೀಲಿಲ್ಲ ನೋಡವಾ. ನಿನ್ನ ಮನಸಿಗೆ ಬಂದಂಗ ಮಾಡು" ಎಂದುಬಿಟ್ಟರು. ಅವರು ಬೇಡವೆಂದಿದ್ದರೆ ಎಷ್ಟು ಸಲೀಸಾಗುತ್ತಿತ್ತು!

ಒಂದು ವಾರ ಒದ್ದಾಡಿ ಸೆಂಟರಿಗೆ ಹೆಸರು ಕೊಟ್ಟೆ. ಆ ಸಂಜೆ ಹೇಳಲು ಹೋದಾಗ ಸರ್ ಒಬ್ಬರೇ ಗೋದಾಮಿನ ಕಸ ಗುಡಿಸುತ್ತಿದ್ದರು. ವಿಷಯ ಹೇಳಿದೆ.

"ಅವರ ಕ್ಲಾಸ್ ಎಷ್ಟಕ್ಕ?"

"ಮುಂಜಾನಿ ಆರಕ್ಕರಿ."

ನಮ್ಮದೂ ಆರಕ್ಕೇ. ಸರ್ ಕಸಬರಿಗೆ ಗೋಡೆಗಾನಿಸಿದರು. "ಹಂಗಾರ ನಾಳಿಂದ ನಮ್ಮದು ಐದಕ್ಕ. ಲಗೂ ಮಲಕೋ" ಎಂದರು.

ಮರುದಿನ ಮುಂಜಾನೆ ಉಣಕಲ್ಲಿನ ನಮ್ಮ ಮನೆಯಿಂದ ಅಪ್ಪನ ಸ್ಕೂಟರ್ ತಗೊಂಡು ಐದಕ್ಕೆ ಸರಿಯಾಗಿ ಹೋದೆ. ಬಾಗಿಲಿಗೆ ಬೀಗ. ಅಂಗಳಕ್ಕೆ ನೀರು ಹಾಕುತ್ತಿದ್ದ ಎದುರು ಮನೆಯ ಅಜ್ಜಿ ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ನಿನಗ ಯಾರೂ ಹೇಳಲಿಲ್ಲೇನಬೇ? ನಿಮ್ಮ ಸರ್‌ಗ ರಾತ್ರಿ ಎದಿನೋವು ಬಂತು, ದವಾಖಾನಿ ಮುಟ್ಟೂದರೊಳಗ ಹೋಗಿಬಿಟ್ರು."

ಆರು ಹೊಡೆಯಿತು. ಎಲ್ಲಿಗೆ ಹೋಗಬೇಕೆಂಬುದೇ ತಿಳಿಯದೆ ಅಲ್ಲೇ ನಿಂತಿದ್ದೆ.