ಎರಡನೇ ಸಲ ಕೇಳುವ ಪ್ರೇಮಲತಾ

ಕ್ಯಾಶೆ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಹೋದ ಮಳೆಗಾಲದ ಒಂದು ಬುಧವಾರ. ವಿಧವಾ ಪಿಂಚಣಿ ನಿಲ್ಲದಿರಲೆಂದು, ನಾನಿನ್ನೂ ಬದುಕಿದ್ದೇನೆ ಅಂತ ಹೆಬ್ಬೆಟ್ಟು ಒತ್ತಿ ತೋರಿಸಲು ಮಲಯಾಳ ಸೀಮೆಯ ನಮ್ಮ ತೃಶ್ಶಿಲೇರಿಯಲ್ಲಿ ಪ್ರೇಮಲತಾಳ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ.

ಅವಳಪ್ಪ ಎಚ್.ಡಿ. ಕೋಟೆ ಕಡೆಯಿಂದ ಬಂದು ಇಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ಅವಳೂ ಹದಿನೈದು ವರ್ಷ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದಳು. ಅದಕ್ಕೇ ಈಗಲೂ ಎಲ್ಲರಿಗೂ ಟೀಚರ್. ಕಡೆಗೆ ಹೊಲಿಗೆ ಮಿಷನ್ನಿನ ಮೇಜಿನ ಮೇಲೇ ಕಂಪ್ಯೂಟರ್ ಇಟ್ಟುಕೊಂಡಳು. ಕೈ ಮೌಸ್ ಹಿಡಿದಿದ್ದರೂ ಕಾಲು ಕೆಳಗೆ ತುಳಿಯುತ್ತಲೇ ಇರುತ್ತದೆ. ಕಾಲು ನಿಂತಿತೆಂದರೆ ಏನೋ ತೊಡಕು.

ಅವತ್ತು ಕಾಲು ನಿಂತಿತ್ತು. ಕಾಡಂಚಿನ ಹಾಡಿಯ ಅಯ್ಯಪ್ಪನ್ ತನ್ನ ಮಗಳು ನಿಷಾಳನ್ನು ಕರೆತಂದಿದ್ದ. ಹತ್ತನೇ ತರಗತಿ ಪಾಸಾದವಳಿಗೆ ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿಯ ಸೀಟು ಬೇಕು. ಕೊನೇ ಪಟ್ಟಿ ಅಂದು ಹತ್ತು ಗಂಟೆಗೆ ಬಂದಿತ್ತು. ಹೆಸರಿದ್ದರೆ ಸಂಜೆ ನಾಲ್ಕರೊಳಗೆ ಮಾನಂದವಾಡಿಯ ಶಾಲೆಗೆ ಹೋಗಿ ಸೇರಬೇಕು. ಪರದೆಯಲ್ಲಿ ಮಾತ್ರ ‘ಸೀಟು ಇಲ್ಲ’.

ಅಯ್ಯಪ್ಪನ್ ಎದ್ದು ಮಗಳನ್ನು ಕರೆದ. “ಬಾ ಮೋಳೆ. ಇಲ್ಲ ಅಂದ್ರೆ ಇಲ್ಲ. ನಾಳೆ ಕೊಡಗಿಗೆ ಜೀಪು ಹೋಯ್ತದೆ, ಶುಂಠಿ ಕೆಲ್ಸಕ್ಕೆ.”

ನಿಷಾ ಅಳಲಿಲ್ಲ. ಬ್ಯಾಗಿನ ಜಿಪ್ಪು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

“ಕೂತ್ಕೊಳಿ ಅಯ್ಯಪ್ಪಣ್ಣ,” ಎಂದಳು ಪ್ರೇಮಲತಾ. “ಒಂದ್ಸಲ ಇಲ್ಲ ಅಂದದ್ದಕ್ಕೆ ಎದ್ದೋಗೋರಿಗೆ ಹೆಂಡ್ತಿ ಹೆಂಗೆ ಸಿಕ್ಕಿದ್ಲು?”

“ಅವ್ಳು ಮೂರ್ಸಲ ಅಂದ್ಲು ಟೀಚರೇ!”

ರಿಫ್ರೆಶ್ ಮಾಡಿದಳು. ಅದೇ ಪುಟ. ಮತ್ತೆ ಮಾಡಿದಳು. ಅದೇ.

“ಅಯ್ಯಪ್ಪಣ್ಣ, ಬೆಳಿಗ್ಗೆ ದಾರೀಲಿ ಆನೆ ಇತ್ತು ಅಂತ ಯಾರೋ ಅಂದ್ರೆ, ಮಧ್ಯಾಹ್ನಾನೂ ಅಲ್ಲೇ ನಿಂತಿರ್ತದಾ?”

“ಎಲ್ಲಿ ನಿಲ್ತದೆ? ಹೋಗಿ ನೋಡ್ಬೇಕು.”

“ಇದೂ ಅಷ್ಟೇ. ಪಟ್ಟಿ ಬರೋಕೆ ಮುಂಚೆ, ಒಂಬತ್ತು ಗಂಟೆಗೆ ನಾನು ನೋಡಿದ ಪುಟಾನೇ ಈ ಕಂಪ್ಯೂಟರ್ ಎತ್ತಿಟ್ಕೊಂಡು ತೋರಿಸ್ತಾ ಅದೆ. ಆ ಎತ್ತಿಟ್ಟದ್ದಕ್ಕೆ ಕ್ಯಾಶೆ ಅಂತಾರೆ. ಅಳಿಸ್ತೀನಿ.”

ನನಗೆ ಗಾಬರಿ. “ಅವ್ವಾ, ಅದ್ರ ಜೊತೆ ನನ್ನೂ ಅಳಿಸ್ಬಿಟ್ಟೀಯ!”

“ಸುಮ್ನಿರಿ ನಿಂಗಮ್ಮಜ್ಜಿ, ನಿಮ್ಮನ್ನ ಆಮೇಲೆ ಬದುಕಿಸ್ತೀನಿ.”

ಪರದೆ ಬೆಳ್ಳಗಾಯಿತು. ಆಮೇಲೆ ಮೇಜಿನ ಕೆಳಗೆ ಕಾಲು ತುಳಿಯತೊಡಗಿತು. ನಿಷಾಳಿಗೆ ಸೀಟು ಸಿಕ್ಕಿತ್ತು.

ಅಷ್ಟರಲ್ಲಿ ಬಸ್ಸಿನ ಹಾರ್ನ್. ಅದು ತಪ್ಪಿದರೆ ಮುಂದಿನದು ಸಂಜೆಗೆ. ಪ್ರಿಂಟರ್ ಕಾಗದವನ್ನು ಬಸವನಹುಳುವಿನ ಹಾಗೆ ಹೊರಗೆ ಬಿಡುತ್ತಿತ್ತು.

“ಅಜ್ಜೀ, ಬಸ್ಸಿಗೆ ಅಡ್ಡ ನಿಂತ್ಕೊಳಿ!”

ಕೊಡೆ ಬಿಚ್ಚಿ ರಸ್ತೆ ನಡುವೆ ನಿಂತೆ. ಡ್ರೈವರ್ ರತೀಶ್ ತಲೆ ಹೊರಗೆ ಹಾಕಿ ಮಲಯಾಳದಲ್ಲಿ ಏನೇನೋ ಬೈದ. ನನಗೆ ಎಲ್ಲ ಅರ್ಥವಾಯಿತು, ಕದಲಲಿಲ್ಲ. ಅಪ್ಪ ಮಗಳು ಕಾಗದ ಹಿಡಿದು ಹತ್ತಿದ ಮೇಲೆಯೇ ಪಕ್ಕಕ್ಕೆ ಸರಿದದ್ದು. ನಿಷಾ ಕಿಟಕಿಯಿಂದ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಪ್ರೇಮಲತಾ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇನ್ನೂ ಬದುಕಿದ್ದೀರಾ ಅಜ್ಜಿ? ಹಂಗಾದ್ರೆ ಬನ್ನಿ, ಹೆಬ್ಬೆಟ್ಟು ಕೊಡಿ.”