ಅತ್ತೆ ಆ ದಿನ ಆಡಿದ ಮಾತು

ಅತ್ತೆ ಆ ದಿನ ಮಾತಾಡಿದ್ದರು. ಮಾತಾಡಲೇ ಇಲ್ಲ ಎಂದು ಅವರನ್ನು ನಂಬಿಸಿದವಳು ನಾನು.

ನಮ್ಮ ಭಾಗ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಮ್ಮ ತಿಕೋಟಾದ ಅರ್ಧ ಊರು ಹುಟ್ಟಿದ್ದೇ ನನ್ನ ಅತ್ತೆ ನೀಲವ್ವನ ಕೈಯಲ್ಲಿ. ಎಪ್ಪತ್ತರ ಹತ್ತಿರ ಅವರಿಗೆ ಮರೆವು ಶುರುವಾಯಿತು — ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದು, ಇವತ್ತು ಯಾವ ವಾರ ಎಂದು ಮತ್ತೆ ಮತ್ತೆ ಕೇಳುವುದು. ನಾನು ಆಗಷ್ಟೇ ವಿಜಾಪುರದಲ್ಲಿ ಹೆರಿಗೆ ಮಾಡಿಸುವ ದಾಯಿ ತರಬೇತಿ ಮುಗಿಸಿ ಬಂದಿದ್ದೆ. ಆದರೂ ಜನ ಅವರನ್ನೇ ಕರೆಯುತ್ತಿದ್ದರು. ನನಗೆ — ಹೊಟ್ಟೆಕಿಚ್ಚು, ಮತ್ತೇನು?

ಒಂದು ಮಧ್ಯಾಹ್ನ ನಮ್ಮ ಓಣಿಯ ಗಂಗವ್ವನಿಗೆ ಹೆರಿಗೆ ನೋವು ಬಂತು. ಇಬ್ಬರೂ ಹೋದೆವು. ಅತ್ತೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು. ಮೊದಲಾಗಿದ್ದರೆ ಮುಟ್ಟಿದ ಕೂಡಲೇ ಹೇಳುತ್ತಿದ್ದರು. ಕೊನೆಗೆ ನನ್ನ ಕಿವಿಯಲ್ಲಿ ಅಂದರು:

"ಕೂಸು ಅಡ್ಡ ಐತಿ. ಈಗಿಂದೀಗ ವಿಜಾಪುರದ ದವಾಖಾನಿಗೆ ಒಯ್ಯಾಕ ಹೇಳು."

ನಾನೂ ಮುಟ್ಟಿ ನೋಡಿದೆ. ತಲೆ ಕೆಳಗಿದೆ ಅನಿಸಿತು — ಅಥವಾ ಹಾಗೆಂದುಕೊಳ್ಳುವುದು ನನಗೆ ಬೇಕಾಗಿತ್ತೋ... ಹೊರಗೆ ಬಂದು ಗಂಗವ್ವನ ಗಂಡನಿಗೆ ಹೇಳಿದೆ: "ಅತ್ತಿ ನೋಡ್ಯಾರ್ರಿ. ಎಲ್ಲಾ ಚಲೋ ಐತಿ, ಕಾಯ್ರಿ."

ಸಂಜೆ ಜೀಪು ತರಿಸುವಷ್ಟರಲ್ಲಿ ತಡವಾಗಿತ್ತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ವಾರದ ನಂತರ, ಜೋಳ ಹಸನು ಮಾಡುತ್ತಿದ್ದ ಅತ್ತೆ ತಲೆಯೆತ್ತಿ ಕೇಳಿದರು: "ಶಾರವ್ವಾ, ವಿಜಾಪುರಕ್ಕ ಒಯ್ಯಾಕ ಹೇಳು ಅಂತ ನಾ ಅಂದಿದ್ನೋ, ಬರೇ ಮನಸ್ನ್ಯಾಗ ಅಂದ್ಕೊಂಡಿದ್ನೋ?"

ಆ ಮುಖದಲ್ಲಿ ಆರೋಪವಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ನೀವೇನೂ ಅನ್ನಲಿಲ್ರಿ ಅತ್ತಿ."

"ಹಂಗಾರ ನನ್ನ ತಲಿ ಕೆಟ್ಟೈತಿ ಬಿಡು," ಎಂದರು. ಮತ್ತೆಂದೂ ಹೆರಿಗೆಗೆ ಹೋಗಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳತೊಡಗಿದರು — ಅದೂ ನನ್ನನ್ನು! ನಾಲ್ಕು ವರ್ಷ ಹಾಗೇ ಬದುಕಿ ತೀರಿಕೊಂಡರು.

ಈಗ ನನಗೂ ಅವರದೇ ವಯಸ್ಸು. ನನ್ನ ತಲೆ ಹೇಗೆ ನಡೆಯುತ್ತದೆಂದು ನಾನೇ ಬೆರಗಾಗಿ ನೋಡುತ್ತೇನೆ. ನಿನ್ನೆ ಮನೆಗೆ ಬಂದವರು ಯಾರೆಂದು ನೆನಪಾಗುವುದಿಲ್ಲ; ಬಸುರಿಯೊಬ್ಬಳು ನಡೆದು ಬರುವುದನ್ನು ಕಂಡರೆ ಮಾತ್ರ ಏನೋ ಸರಿಯಿಲ್ಲವೆಂದು ಗೊತ್ತಾಗುತ್ತದೆ. ಹೇಗೆ ಗೊತ್ತಾಯಿತು? ಹೇಳಲಾರೆ. ತೀರ್ಮಾನ ನಿಧಾನವಾಗಿ ಬರುತ್ತದೆ — ಹಿಂದೆ ಕಂಡ ನೂರಾರು ಹೆರಿಗೆಗಳನ್ನು ಒಂದೊಂದಾಗಿ ಹಾದು ಬಂದಂತೆ. ಅತ್ತೆ ಆ ದಿನ ಸುಮ್ಮನೆ ಕೂತಿದ್ದು ಇದಕ್ಕೇ ಇರಬೇಕು. ಅವರನ್ನೇ ಕೇಳಬಹುದಿತ್ತು... ಕೇಳಲಿಲ್ಲ.

ಗಂಗವ್ವ ಈಗ ಬಬಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾಳೆ. ನೀಲವ್ವನ ಬುದ್ಧಿ ಮಂಕಾಗಿದ್ದರಿಂದಲೇ ತನ್ನ ಕೂಸು ಹೋಯಿತೆಂದು ಇಂದಿಗೂ ನಂಬಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಅವಳು ಒಳಗೆ ಕರೆಯದಿದ್ದರೆ — ಬಾಗಿಲಲ್ಲೇ ನಿಂತು ಹೇಳುತ್ತೇನೆ.